ಕಣ್ವದ ಕಡ್ಡಿ, ಕಡಲಾಚೆಯ ಹುಳುಮನೆ

ಇಥಿಯೋಪಿಯಾದ ಮೆಲ್ಕಾಸಾದಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ರೇಷ್ಮೆ ಹುಳುವಿಗೆ ಯಾವ ಸೊಪ್ಪು ಒಗ್ಗುತ್ತದೆ ಎಂದು ಪರೀಕ್ಷಿಸಿದವರು ಸಾಲಿಟ್ಟು ಬೆಳೆಸಿದ ಹಿಪ್ಪುನೇರಳೆ ತಳಿಗಳಲ್ಲಿ ಕೆ-2 ಎಂಬುದೊಂದು. ಕೆನ್ಯಾದ ಥೀಕಾದಲ್ಲಿಯೂ ಇದೇ ತಳಿಯನ್ನು ಬೆಳೆಸಿ ನೋಡಿದ್ದಾರೆ. ಅಲ್ಲಿ ಅದನ್ನು ಪೂರ್ತಿ ಹೆಸರಿನಲ್ಲೇ ಕರೆಯುತ್ತಾರೆ: ಕಣ್ವ-2. ನಮ್ಮ ರೈತರ ಬಾಯಲ್ಲಿ ಅದು ಎಂ-5. ಚನ್ನಪಟ್ಟಣ ತಾಲ್ಲೂಕಿನ ಕಣ್ವದ ರೇಷ್ಮೆ ಕ್ಷೇತ್ರದಲ್ಲಿ, ನಾಟಿ ಗಿಡಗಳ ನಡುವೆ ಎಲೆ ದಪ್ಪಗೆ ಬಂದ, ಕಡ್ಡಿ ನೆಟ್ಟರೆ ಸಲೀಸಾಗಿ ಬೇರು ಬಿಡುವ ಗಿಡವನ್ನು ಆರಿಸಿ ತೆಗೆದ ತಳಿ ಅದು. ಕಣ್ವ ಹೊಳೆಯ ಹೆಸರು ಕ್ಷೇತ್ರಕ್ಕೆ ಬಂತು, ಕ್ಷೇತ್ರದ ಹೆಸರು ಗಿಡಕ್ಕೆ ಬಂತು, ಗಿಡ ಆಫ್ರಿಕಾಕ್ಕೆ ಹೋಯಿತು.

ಗಿಡ ತಾನಾಗಿ ಹೋಗುವುದಿಲ್ಲ. ಅದನ್ನು ಬೆಳೆಸಲು ಕಲಿತವರು ಇದ್ದರೆ ಮಾತ್ರ ಇನ್ನೊಂದು ಮಣ್ಣಿನಲ್ಲಿ ಅದು ಉಳಿಯುತ್ತದೆ. ಬೇರೆ ಬೇರೆ ಖಂಡಗಳ ಯುವಕ ಯುವತಿಯರನ್ನು ಒಂದೆಡೆ ಸೇರಿಸಿ, ನಾಳೆ ತಮ್ಮ ನಾಡಿನಲ್ಲಿ ಮುಂದೆ ನಿಂತು ಕೆಲಸ ನಡೆಸುವಂತೆ ತಯಾರು ಮಾಡಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬೆಂಗಳೂರು–ಮೈಸೂರು ರಸ್ತೆಯ ಈ ಸೀಮೆಯಲ್ಲಿ ಆ ಕೆಲಸ ರೇಷ್ಮೆಯ ಹೆಸರಿನಲ್ಲಿ ನೂರು ವರ್ಷಕ್ಕೂ ಹಿಂದೆ ಶುರುವಾಗಿತ್ತು. ಹೊರಗಿನವರು ಇಲ್ಲಿಗೆ ಬಂದು ಕಲಿಸಿದ್ದು ಮೊದಲ ಅಧ್ಯಾಯ. ಹೊರಗಿನವರು ಇಲ್ಲಿಗೆ ಬಂದು ಕಲಿತದ್ದು ಎರಡನೆಯದು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಈ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಜಾಗ ಸಿಗಬೇಕೆಂಬುದು ನನ್ನ ಆಸೆ.

ಮೈಸೂರು ಸೀಮೆಗೆ ರೇಷ್ಮೆ ಬಂದದ್ದೇ ಹೊರಗಿನಿಂದ. ಟಿಪ್ಪು ಸುಲ್ತಾನ 1780ರ ದಶಕದಲ್ಲಿ ಬಂಗಾಳಕ್ಕೆ ಆಳುಗಳನ್ನು ಕಳಿಸಿ ಹುಳು ತರಿಸಿ, ರಾಜ್ಯದ ಹಲವು ಕಡೆ ಸಾಕಣೆ ಮಾಡಿಸಿದ. ಅವನ ಕಾಲದ ನಂತರ ಕಸುಬು ಸೊರಗಿದರೂ ಸಾಯಲಿಲ್ಲ. ಮಾಗಡಿ, ಕುಣಿಗಲ್, ಕನಕಪುರ, ಚನ್ನಪಟ್ಟಣದ ಹಳ್ಳಿಗಳು ಅದನ್ನು ಹಿಡಿದುಕೊಂಡವು. 1860ರ ದಶಕದಲ್ಲಿ ಹುಳುಗಳಿಗೆ ರೋಗ ಬಿದ್ದಾಗ ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆ ತರಿಸಿ ಹಂಚಿದರು, ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆಯನ್ನೂ ಹಾಕಿದರು. 1890ರ ದಶಕದ ಕೊನೆಯಲ್ಲಿ ಜಮ್‌ಷೆಡ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಅಂಚಿನಲ್ಲಿ ಜಪಾನಿನ ದಂಪತಿಗಳನ್ನು ಕರೆಸಿ ಮಾದರಿ ಕ್ಷೇತ್ರ ನಡೆಸಿದರು. ಕನಕಪುರ ರಸ್ತೆಯ ಆ ಜಾಗವನ್ನು ಜನ ಇವತ್ತಿಗೂ ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ. ಅಲ್ಲಿ ನಡೆದದ್ದು ವಿಧಾನದ ಪ್ರದರ್ಶನ. ಅದು ಹಳ್ಳಿಗೆ ಇಳಿಯಬೇಕಾದರೆ ಹಳ್ಳಿಗಳ ನಡುವೆಯೇ ಒಂದು ಮನೆ ಕಟ್ಟಬೇಕಿತ್ತು.

ಅದು ಚನ್ನಪಟ್ಟಣದಲ್ಲಿ ಆಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ, 1912ರಿಂದ 1918. ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞರನ್ನು ಕರೆಸಿತು. 1914ರ ಸುಮಾರಿಗೆ ಅವರ ಮೇಲ್ವಿಚಾರಣೆಯಲ್ಲಿ ಚನ್ನಪಟ್ಟಣದ ರೇಷ್ಮೆ ಕ್ಷೇತ್ರ ಕೆಲಸ ಆರಂಭಿಸಿತು. ಜಾಗದ ಆಯ್ಕೆ ಜಾಣತನದ್ದು. ಬೆಂಗಳೂರು–ಮೈಸೂರು ರೈಲು ಊರೊಳಗೇ ನಿಲ್ಲುತ್ತಿತ್ತು. ಸುತ್ತ ಹಿಪ್ಪುನೇರಳೆ ತೋಟ. ಊರಿನ ಕೈಗಳೋ ನಾಜೂಕಿನ ಕೆಲಸಕ್ಕೆ ಆಗಲೇ ಪಳಗಿದ್ದವು: ವೀಣೆಗೆ ಉಕ್ಕಿನ ತಂತಿ ಎಳೆಯುವುದು, ಅರಗಿನ ಬೊಂಬೆ ತಿರುಗಿಸುವುದು. ಬೊಂಬೆಯ ಕೆಲಸಕ್ಕೂ ಜಪಾನಿನ ವಿಧಾನವನ್ನು ಬವಾಸ್ ಮಿಯಾನ್ ತಂದರೆಂದು ಊರಿನಲ್ಲಿ ಹೇಳುತ್ತಾರೆ. ಹೊರಗಿನ ವಿದ್ಯೆಯನ್ನು ಒಳಗೆ ಬಿಟ್ಟುಕೊಳ್ಳಲು ಅಂಜದ ಊರು ಇದು.

ಕ್ಷೇತ್ರದಲ್ಲಿ ನಡೆದ ಕೆಲಸ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಮುಂದಿನ ನಂಟುಗಳೆಲ್ಲ ಇದರ ಮೇಲೆಯೇ ನಿಂತಿವೆ. ಹುಳುವಿಗೆ ಬರುವ ರೋಗಗಳಲ್ಲಿ ಗಂಟುರೋಗ ಎಲ್ಲಕ್ಕಿಂತ ಕೇಡಿನದು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಹುಳು ಮರಿಯಾಗುವ ಹೊತ್ತಿಗೇ ಬೆಳೆ ಕೆಟ್ಟಿರುತ್ತದೆ, ರೈತನಿಗೆ ಗೊತ್ತಾಗುವುದು ಮಾತ್ರ ಸೊಪ್ಪೆಲ್ಲ ತಿನ್ನಿಸಿ ಮುಗಿದ ಮೇಲೆ. 1865ರಿಂದ ಕೆಲವು ವರ್ಷ ಫ್ರಾನ್ಸಿನ ಆಲೆಸ್ ಪಟ್ಟಣದಲ್ಲಿ ಕೂತು ಲೂಯಿ ಪಾಶ್ಚರ್ ಇದಕ್ಕೆ ದಾರಿ ಕಂಡುಹಿಡಿದಿದ್ದರು. ಒಂದೊಂದು ಚಿಟ್ಟೆಯಿಂದಲೂ ಬೇರೆಬೇರೆಯಾಗಿ ಮೊಟ್ಟೆ ಇಡಿಸಬೇಕು, ಇಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಡಬೇಕು. ಇದು ಯಂತ್ರದಿಂದ ಆಗುವ ಕೆಲಸವಲ್ಲ. ದಿನಕ್ಕೆ ನೂರಾರು ಗಾಜಿನ ಪಟ್ಟಿಗಳನ್ನು ನೋಡಿ ಬೇಸರಪಡದ ಕಣ್ಣು ಬೇಕು, ಸುಡಬೇಕಾದ್ದನ್ನು ಸುಡುವ ನಿಷ್ಠುರತೆ ಬೇಕು. ಇಂಥ ಕಣ್ಣುಗಳನ್ನು ತಯಾರು ಮಾಡುವುದೇ ಕ್ಷೇತ್ರದ ಮೊದಲ ಕೆಲಸ.

ಎರಡನೆಯದು ಮಿಶ್ರತಳಿ. ನಮ್ಮ ಶುದ್ಧ ಮೈಸೂರು ಹುಳು ಗಟ್ಟಿ ಜೀವ. ಬಿಸಿಲು, ಮಳೆ, ಬಡತನದ ಸೊಪ್ಪು ಎಲ್ಲವನ್ನೂ ತಾಳಿಕೊಂಡು ವರ್ಷವಿಡೀ ಬೆಳೆ ಕೊಡುತ್ತದೆ. ಆದರೆ ಗೂಡು ಸಣ್ಣದು, ನೂಲು ಕಡಿಮೆ. ಹೊರದೇಶದ ಹುಳುವಿನ ಗೂಡಿನಲ್ಲಿ ನೂಲು ಹೆಚ್ಚು, ನಮ್ಮ ಹವೆಗೆ ಅದು ಬಾಳದು. ಎರಡನ್ನೂ ಕೂಡಿಸಿದರೆ ಮೊದಲ ತಲೆಮಾರು ತಾಯಿಯ ಗಟ್ಟಿತನ, ತಂದೆಯ ನೂಲು ಎರಡನ್ನೂ ಪಡೆಯುತ್ತದೆ. ಇದನ್ನು ಶಾಸ್ತ್ರೀಯವಾಗಿ ತೋರಿಸಿದ್ದವರು ಜಪಾನಿನ ಟೊಯಾಮಾ ಕಮೆತಾರೊ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಅವರು ಸಯಾಮಿನ (ಇಂದಿನ ಥಾಯ್ಲೆಂಡ್) ಸರ್ಕಾರದ ಕರೆಯ ಮೇಲೆ ಅಲ್ಲಿಗೆ ಹೋಗಿ ಅಲ್ಲಿನ ಹುಳುವನ್ನೂ ಜಪಾನಿನ ಹುಳುವನ್ನೂ ಕೂಡಿಸಿ ನೋಡಿದ್ದರು. ಜಪಾನಿನಲ್ಲಿ ಮಿಶ್ರತಳಿ ಮೊಟ್ಟೆ ರೈತರಿಗೆ ಹಂಚಿಕೆಯಾಗತೊಡಗಿದ್ದು 1914ರ ಹೊತ್ತಿಗೆ. ಚನ್ನಪಟ್ಟಣದಲ್ಲಿ ಮೈಸೂರು ಹುಳುವಿಗೆ ಹೊರಗಿನ ಹುಳುವನ್ನು ಕೂಡಿಸುವ ಪ್ರಯೋಗಗಳು ಶುರುವಾದದ್ದೂ ಅದೇ ದಶಕದಲ್ಲಿ. ಪ್ರಪಂಚದ ಮುಂಚೂಣಿಯ ವಿದ್ಯೆಗೂ ನಮ್ಮ ತಾಲ್ಲೂಕು ಕೇಂದ್ರಕ್ಕೂ ನಡುವೆ ಇದ್ದ ಅಂತರ ಕೆಲವೇ ವರ್ಷಗಳದ್ದು. ಈ ಮಾತನ್ನು ನಮ್ಮ ಶಾಲೆಗಳ ಮಕ್ಕಳಿಗೆ ಹೇಳಿಕೊಡುವವರು ಯಾರೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಇಟಲಿಯ ತಜ್ಞರ ಬಳಿಕ ಜಪಾನಿನವರು ಬಂದರು. ಮೈಸೂರು ರೇಷ್ಮೆ ಇಲಾಖೆಯ ಚುಕ್ಕಾಣಿ ಹಿಡಿದಿದ್ದವರು ನವರತ್ನ ರಾಮರಾಯರು. ಕನ್ನಡ ಓದುಗರಿಗೆ ಅವರು 'ಕೆಲವು ನೆನಪುಗಳು' ಬರೆದವರು, ರಾಜಾಜಿಯವರ ಆಪ್ತ ಗೆಳೆಯರು. ಹುಳು ಸಾಕುವವರಿಗೆ ಅವರು ಬೇರೆಯೇ ಒಂದು ಪುಸ್ತಕದ ಒಡೆಯರು. ಜಪಾನಿನ ತಜ್ಞ ಎಂ. ಯೊನೆಮುರಾ ಅವರೊಂದಿಗೆ ಸೇರಿ ಬರೆದ ರೇಷ್ಮೆ ಕೃಷಿಯ ಕೈಪಿಡಿ 1925ರಲ್ಲಿ ಮೈಸೂರು ಸರ್ಕಾರದ ಮುದ್ರಣಾಲಯದಿಂದ ಹೊರಬಂತು. ದಶಕಗಳ ಕಾಲ ಈ ಕಸುಬಿನ ವಿದ್ಯಾರ್ಥಿಗಳು ಅದನ್ನೇ ಓದಿದರು, ಅದನ್ನೇ ಉಲ್ಲೇಖಿಸಿದರು. ಆ ಮುಖಪುಟದ ಮೇಲೆ ಜೊತೆಯಾಗಿ ನಿಂತ ಎರಡು ಹೆಸರುಗಳೇ ನನಗೆ ಮುಖ್ಯ. ಹೊರಗಿನ ತಜ್ಞ ಒಂದು ವರದಿ ಬರೆದುಕೊಟ್ಟು ಹಡಗು ಹತ್ತಿದರೆ ಅದು ಕಪಾಟು ಸೇರುತ್ತದೆ. ಇಲ್ಲಿಯವರೊಂದಿಗೆ ಕೂತು, ಇಲ್ಲಿಯ ಸೊಪ್ಪು, ಇಲ್ಲಿಯ ತಟ್ಟೆ, ಹುಳು ಗೂಡು ಕಟ್ಟುವ ಇಲ್ಲಿಯ ಚಂದ್ರಿಕೆ ನೋಡಿ ಬರೆದರೆ ಅದು ಕೈಗೆ ಸಿಗುವ ವಿದ್ಯೆಯಾಗುತ್ತದೆ. ಜಪಾನಿನಿಂದ ಬಂದ ಸಿ-ನಿಚಿ ಎಂಬ ಹುಳು ಮೈಸೂರು ಹುಳುವಿನೊಂದಿಗೆ ಕೂಡಿ ಬಹಳ ಕಾಲ ನಮ್ಮ ಹಳ್ಳಿಗಳಲ್ಲಿ ಬಾಳಿತು.

ಮಧ್ಯದ ವರ್ಷಗಳನ್ನು ಬೇಗ ದಾಟುತ್ತೇನೆ. ಚನ್ನಪಟ್ಟಣಕ್ಕೆ ಸ್ಪನ್ ಸಿಲ್ಕ್ ಗಿರಣಿ ಬಂತು. 1946ರಲ್ಲಿ ಕಣ್ವ ಜಲಾಶಯ ಆಯಿತು. 1948ರ ಕಾಯ್ದೆಯಂತೆ ಮರುವರ್ಷ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿತು. 1961ರಲ್ಲಿ ಮಂಡಳಿ ಮೈಸೂರಿನಲ್ಲಿ ಕಟ್ಟಿದ ಸಂಸ್ಥೆಯೇ ಇಂದಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ.

ಇಲ್ಲಿಂದ ನೀರಿನ ಹರಿವು ತಿರುಗಿತು. 1964ರಲ್ಲಿ ಭಾರತ ಸರ್ಕಾರ ಐಟೆಕ್ ಎಂಬ ಯೋಜನೆ ಆರಂಭಿಸಿತು. ಹೊಸದಾಗಿ ಸ್ವತಂತ್ರವಾಗಿದ್ದ ಏಷ್ಯಾ, ಆಫ್ರಿಕಾ ದೇಶಗಳ ಯುವ ನೌಕರರನ್ನು, ಪದವೀಧರರನ್ನು ಕರೆಸಿ, ಪ್ರಯಾಣ ಮತ್ತು ವಸತಿಯ ಖರ್ಚನ್ನು ತಾನೇ ಹೊತ್ತು, ಇಲ್ಲಿಯ ಸಂಸ್ಥೆಗಳಲ್ಲಿ ಕಲಿಸುವ ಯೋಜನೆ ಅದು. ರೇಷ್ಮೆಯೂ ಅದರ ಪಾಠಗಳಲ್ಲಿ ಸೇರಿತು. 1973ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ರೋಮಿನಿಂದ ರೇಷ್ಮೆ ಕೃಷಿಯ ಕೈಪಿಡಿಗಳನ್ನು ಪ್ರಕಟಿಸಿತು. ಹುಳು ಸಾಕಣೆಯ ಸಂಪುಟ ಬರೆದವರು ಮೈಸೂರು ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು. ಮಾರಿ ಇಟಲಿಯಿಂದ ಚನ್ನಪಟ್ಟಣಕ್ಕೆ ಬಂದು ಆಗ ಸುಮಾರು ಅರವತ್ತು ವರ್ಷವಾಗಿತ್ತಷ್ಟೆ. ಮೈಸೂರಿನವರು ಬರೆದ ಪಾಠ ಇಟಲಿಯ ರಾಜಧಾನಿಯಲ್ಲಿ ಅಚ್ಚಾಗಿ ಜಗತ್ತಿಗೆ ಹೋಯಿತು.

1980ರಲ್ಲಿ ಮೈಸೂರಿನಲ್ಲಿ ಉಷ್ಣವಲಯದ ರೇಷ್ಮೆ ಕೃಷಿಗಾಗಿಯೇ ಅಂತರರಾಷ್ಟ್ರೀಯ ತರಬೇತಿ ಮತ್ತು ಸಂಶೋಧನಾ ಕೇಂದ್ರ ಆರಂಭವಾಯಿತು. ಅದೇ ವರ್ಷ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯ ಸರ್ಕಾರದ ರೇಷ್ಮೆ ಸಂಶೋಧನಾ ಸಂಸ್ಥೆಯೂ ತಲೆಯೆತ್ತಿತು. 'ಉಷ್ಣವಲಯ' ಎಂಬ ವಿಶೇಷಣದ ಹಿಂದೆ ಒಂದು ಗಟ್ಟಿ ಕಾರಣವಿದೆ. ಜಪಾನ್, ಇಟಲಿ, ಫ್ರಾನ್ಸ್ ಇವೆಲ್ಲ ಚಳಿಯ ನಾಡುಗಳು. ಅಲ್ಲಿ ವರ್ಷಕ್ಕೆ ಒಂದೆರಡು, ಹೆಚ್ಚೆಂದರೆ ಮೂರು ನಾಲ್ಕು ಬೆಳೆ. ಕೆನ್ಯಾ, ಉಗಾಂಡಾ, ಥಾಯ್ಲೆಂಡ್‌ಗಳಲ್ಲಿ ಬಿಸಿಲು ನಮ್ಮಂತೆಯೇ, ಗಿಡ ವರ್ಷವಿಡೀ ಚಿಗುರುತ್ತದೆ, ರೋಗವೂ ವರ್ಷವಿಡೀ ಕಾಡುತ್ತದೆ. ಆ ನಾಡಿನ ಹುಡುಗನೋ ಹುಡುಗಿಯೋ ಜಪಾನಿನಲ್ಲಿ ಕಲಿತರೆ ಊರಿಗೆ ಹೋಗಿ ಅರ್ಧ ಮರೆಯಬೇಕಾಗುತ್ತದೆ. ಮೈಸೂರು, ರಾಮನಗರದಲ್ಲಿ ಕಲಿತದ್ದು ಊರಿನಲ್ಲಿ ನೇರವಾಗಿ ಕೈಗೆ ಬರುತ್ತದೆ. ಬಡ ದೇಶ ಬಡ ದೇಶಕ್ಕೆ ಕಲಿಸುವುದರಲ್ಲಿ ಇರುವ ಬಲ ಇದು, ಮತ್ತು ಇದನ್ನು ನಾನು ತುಂಬ ಗೌರವದಿಂದ ಕಾಣುತ್ತೇನೆ.

ರಾಮನಗರ ಇಲ್ಲದೆ ಆ ಪಾಠ ಪೂರ್ತಿಯಾಗದು. ಇಲ್ಲಿಯ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಬೆಳಗಿನ ಹೊತ್ತು ಗೂಡು ತುಂಬಿದ ಜಾಲರಿಗಳ ಸಾಲು, ಲಾಟಿನ ನಂಬರು, ಗೂಡನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ಕೋಶದ ಸದ್ದು ಕೇಳುವ ರೀಲರುಗಳು, ರೇಟು ಒಪ್ಪದೆ ಮುಖ ತಿರುಗಿಸುವ ರೈತ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿಗೆ ಬಂದಿದೆ. ತರಗತಿಯಲ್ಲಿ ಹುಳುವಿನ ಜ್ವರ (ಪೊರೆ ಬಿಡುವ ಹಂತ) ಎಷ್ಟು, ಯಾವ ಜ್ವರಕ್ಕೆ ಎಷ್ಟು ಸೊಪ್ಪು ಎಂದು ಕಲಿಯಬಹುದು. ಬೆಳೆದ ಗೂಡನ್ನು ಕೊಳ್ಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಾರುಕಟ್ಟೆಯೇ ಕಲಿಸಬೇಕು. ರೇಷ್ಮೆ ಹೊಸದಾಗಿ ಶುರುವಾದ ಆಫ್ರಿಕಾದ ಹಲವು ಪ್ರದೇಶಗಳಲ್ಲಿ ಕೆಲಸ ಕುಂಟುವುದು ಹುಳುಮನೆಯಲ್ಲಿ ಅಷ್ಟಾಗಿ ಅಲ್ಲ. ಗೂಡು ಬಿಚ್ಚುವವರು ಇಲ್ಲ, ಕೊಳ್ಳುವವರು ಇಲ್ಲ, ಮೊಟ್ಟೆ ಸಕಾಲಕ್ಕೆ ಸಿಗುವುದಿಲ್ಲ. ಮಾಗಡಿಯ ಬಿತ್ತನೆ ಗೂಡು, ಚನ್ನಪಟ್ಟಣದ ಚಾಕಿ (ಮರಿಹುಳು) ಮನೆ, ರಾಮನಗರದ ಹರಾಜು ಮತ್ತು ಚರಕ, ಆಚೆಗೆ ಬೆಂಗಳೂರಿನ ಮಗ್ಗ: ಐವತ್ತು ಅರವತ್ತು ಕಿಲೋಮೀಟರಿನೊಳಗೆ ಇಡೀ ಸರಪಳಿಯನ್ನು ಕಣ್ಣಾರೆ ನೋಡಬಹುದಾದ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ.

ಹೀಗೆ ನಾವು ಕಲಿಸುತ್ತಿದ್ದಾಗಲೂ ಕಲಿಯುವುದನ್ನು ಬಿಡಲಿಲ್ಲ. 1991ರಲ್ಲಿ ಜಪಾನಿನ ಜೈಕಾ ಸಂಸ್ಥೆಯ ನೆರವಿನೊಂದಿಗೆ ದ್ವಿತಳಿ (ಬೈವೋಲ್ಟೈನ್) ರೇಷ್ಮೆಯ ಯೋಜನೆ ಆರಂಭವಾಗಿ, ಹಂತ ಹಂತವಾಗಿ 2007ರವರೆಗೆ ನಡೆಯಿತು. ಜಪಾನಿನ ತಜ್ಞರು ಮೈಸೂರಿನಲ್ಲಿ ವರ್ಷಗಟ್ಟಲೆ ಇದ್ದರು, ನಮ್ಮ ಯುವ ವಿಜ್ಞಾನಿಗಳು ಜಪಾನಿಗೆ ಹೋಗಿ ಬಂದರು. ಸಿಎಸ್ಆರ್-2, ಸಿಎಸ್ಆರ್-4 ಮುಂತಾದ ಬಿಳಿ ಗೂಡಿನ ತಳಿಗಳು ಆ ಒಡನಾಟದ ಫಲ. 1997ರಲ್ಲಿ ಮೈಸೂರು ಸಂಸ್ಥೆ ಬಿಡುಗಡೆ ಮಾಡಿದ ವಿ-1 ಹಿಪ್ಪುನೇರಳೆ, ಕಣ್ವ-2ರ ಜಾಗವನ್ನು ಬಹುಮಟ್ಟಿಗೆ ಹಿಡಿಯಿತು. ಜಪಾನಿನಲ್ಲಿ ಆ ಹೊತ್ತಿಗೆ ಹುಳು ಸಾಕುವ ಮನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ತಮ್ಮಲ್ಲಿ ಮುಗಿಯುತ್ತಿರುವ ವಿದ್ಯೆಯನ್ನು ಇನ್ನೊಂದು ನಾಡಿನ ಕಿರಿಯರ ಕೈಗೆ ಒಪ್ಪಿಸಿ ಹೋದ ಆ ಹಿರಿಯರ ಬಗ್ಗೆ ನಮ್ಮಲ್ಲಿ ಒಂದು ಸಾಲೂ ಬರೆದಿಲ್ಲ. ಬರೆಯಬೇಕಿತ್ತು.

ಪಾಶ್ಚರ್ ಕೆಲಸ ಮಾಡಿದ ಆಲೆಸ್‌ನಲ್ಲಿಯೇ 1948ರಲ್ಲಿ ಅಂತರರಾಷ್ಟ್ರೀಯ ರೇಷ್ಮೆ ಆಯೋಗದ ಅಡಿಪಾಯ ಬಿದ್ದಿತ್ತು. ಆಮೇಲೆ ಅದರ ಕಚೇರಿ ಲಿಯೋನ್ ಬಳಿ ದೀರ್ಘಕಾಲ ಇತ್ತು. 2013ರಲ್ಲಿ ಆ ಕಚೇರಿ ಬೆಂಗಳೂರಿಗೆ ಬಂತು, ಮರುವರ್ಷ ಆಯೋಗದ ಅಂತರರಾಷ್ಟ್ರೀಯ ಮಹಾಸಮ್ಮೇಳನವೂ ಬೆಂಗಳೂರಿನಲ್ಲೇ ನಡೆಯಿತು. ಯುರೋಪಿನ ರೇಷ್ಮೆ ಕೃಷಿ ಬತ್ತಿ, ಏಷ್ಯಾ, ಆಫ್ರಿಕಾಗಳಲ್ಲಿ ಅದು ಚಿಗುರಿದ್ದರ ಸಹಜ ಪರಿಣಾಮ ಇದು. ಜಪಾನ್, ಥಾಯ್ಲೆಂಡ್, ನೇಪಾಳ, ಕೆನ್ಯಾ, ಮಡಗಾಸ್ಕರ್, ರೊಮೇನಿಯಾದಂಥ ದೂರದೂರದ ದೇಶಗಳನ್ನು ಹೆಣೆದಿರುವ ಸಂಸ್ಥೆಯೊಂದು ಈಗ ಚನ್ನಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿದೆ.

ಇಷ್ಟೆಲ್ಲ ಹೆಮ್ಮೆಯಿಂದ ಹೇಳಿದ ಮೇಲೆ ಮನಸ್ಸಿಗೆ ಕೊರೆಯುವ ಮಾತನ್ನೂ ಹೇಳಬೇಕು. ಈ ನೂರು ವರ್ಷದ ನಂಟು ಬಹುಪಾಲು ಇಲಾಖೆಯವರದು, ವಿಜ್ಞಾನಿಗಳದು. ತರಬೇತಿಗೆ ಬಂದ ಪರದೇಶದ ಯುವಕರು ನಮ್ಮ ಹಳ್ಳಿಯ ಹುಳುಮನೆಗೆ ಹೊಕ್ಕು ನೋಡಿದರು. ಆ ಮನೆಯ ಮಗ, ಮಗಳು ಅವರ ಊರಿಗೆ ಹೋಗಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಸೊಪ್ಪು ಹಾಕುವವಳು ಬಹುತೇಕ ಮನೆಯ ಹೆಂಗಸು. ತಟ್ಟೆ ಬಿಡಿಸುವುದು, ಕಸ ತೆಗೆಯುವುದು, ಹಣ್ಣಾದ ಹುಳುವನ್ನು ಬಣ್ಣ ನೋಡಿ ಆರಿಸಿ ಚಂದ್ರಿಕೆಗೆ ಬಿಡುವುದು, ಹಾಲುತೊಂಡೆ ರೋಗ ಬಂದ ಹುಳುವನ್ನು ಮೊದಲು ಗುರುತಿಸುವುದು ಅವಳೇ. 1980ರಲ್ಲಿ ಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಾಗ ಕಿಟಕಿಗೆ ಪರದೆ ಕಟ್ಟಿ ಬೆಳೆ ಉಳಿಸಿಕೊಂಡದ್ದು ಇಂಥ ಮನೆಗಳ ಎಚ್ಚರ. ಆ ವಿದ್ಯೆಯನ್ನು ಉಗಾಂಡಾದ ಹಳ್ಳಿಯ ಹೆಣ್ಣುಮಗಳಿಗೆ ಹೇಳಿಕೊಡಲು ಅವಳಿಗಿಂತ ಒಳ್ಳೆಯ ಗುರು ಯಾರು? ರಾಮನಗರದ ಮೊಹಲ್ಲಾಗಳಲ್ಲಿ ಬಿಸಿನೀರಿನ ಬಾಣಲಿಯ ಮುಂದೆ ಕೂತು, ತೇಲುವ ಗೂಡಿನಿಂದ ಎಳೆಯ ತುದಿ ಹಿಡಿಯುವ ರೀಲರ್ ಮನೆತನಗಳದ್ದೂ ಇದೇ ಕಥೆ. ಅವರ ಬೆರಳಿಗೆ ಗೊತ್ತಿರುವುದು ಯಾವ ಕೈಪಿಡಿಗೂ ಪೂರ್ತಿ ಬಂದಿಲ್ಲ. ಚೀನಾದ ಸ್ವಯಂಚಾಲಿತ ಯಂತ್ರಗಳು ನಮ್ಮಲ್ಲಿಗೆ ಬಂದ ಮೇಲೆ ಆ ಮನೆಗಳ ಕೆಲವು ಯುವಕರು ಅದನ್ನೂ ಕಲಿತು ನಡೆಸುತ್ತಿದ್ದಾರೆ. ಪಾಸ್‌ಪೋರ್ಟು, ಶಿಫಾರಸು ಪತ್ರ, ಇಂಗ್ಲಿಷ್ ಇವು ಬಾಗಿಲಲ್ಲಿ ಅಡ್ಡ ನಿಂತಿವೆ, ಅಷ್ಟೇ.

ನಾಯಕತ್ವ ಎಂದರೆ ವೇದಿಕೆಯ ಮೇಲಿನ ಮಾತು ಎಂದುಕೊಂಡರೆ ಇವರು ಯಾರೂ ಪಟ್ಟಿಗೆ ಬರುವುದಿಲ್ಲ. ಊರಿನಲ್ಲಿ ಒಂದು ಚಾಕಿ ಕೇಂದ್ರ ತೆರೆದು, ಮೊಟ್ಟೆ ತಂದು ಎರಡು ಜ್ವರದವರೆಗೆ ಹುಳು ಸಾಕಿ, ಹತ್ತಾರು ಹಳ್ಳಿಗಳ ರೈತರಿಗೆ ಹಂಚಿ, ಬೆಳೆ ಕೆಟ್ಟರೆ ಅವರ ಮುಖ ನೋಡಿ ಉತ್ತರ ಹೇಳುವ ಮೂವತ್ತು ವರ್ಷದ ಹುಡುಗ ನನ್ನ ಲೆಕ್ಕದಲ್ಲಿ ನಾಯಕನೇ. ಇಂಥವರು ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇದ್ದಾರೆ. ಕೆನ್ಯಾದಲ್ಲೂ ಥಾಯ್ಲೆಂಡಿನಲ್ಲೂ ಇದ್ದಾರೆ. ಅವರು ಪರಸ್ಪರ ಕಂಡಿಲ್ಲ.

ಈ ಕೆಲಸಕ್ಕೆ ದೊಡ್ಡ ಕಟ್ಟಡ ಬೇಡ. ಮೈಸೂರಿಗೆ ಬರುವ ಪ್ರತಿ ವಿದೇಶಿ ತಂಡದವರೂ ಒಂದು ಪೂರ್ತಿ ಬೆಳೆಯ ಕಾಲ, ಎಂದರೆ ಮರಿಯಿಂದ ಗೂಡಿನವರೆಗಿನ ಸುಮಾರು ಇಪ್ಪತ್ತೈದು ದಿನ, ಈ ತಾಲ್ಲೂಕುಗಳ ರೈತರ ಮನೆಯಲ್ಲಿ ಇದ್ದು ದುಡಿಯುವಂತಾಗಲಿ. ಆ ಮನೆಯ ಒಬ್ಬರು ಮುಂದಿನ ವರ್ಷ ಅವರ ನಾಡಿನಲ್ಲಿ ಅಷ್ಟೇ ದಿನ ಇದ್ದು ಬರಲಿ. ಭಾಷೆ ಬಾರದಿದ್ದರೂ ಸೊಪ್ಪು ಕತ್ತರಿಸುವ ಗಾತ್ರವನ್ನು ಕೈಯೇ ತೋರಿಸುತ್ತದೆ. ಜೊತೆಗೆ, ಇಲ್ಲಿ ಕಲಿತು ಹೋದವರ ಹೆಸರು, ದೇಶ, ಈಗ ಮಾಡುತ್ತಿರುವ ಕೆಲಸ ಬರೆದಿಡುವ ಒಂದು ದಫ್ತರು ಚನ್ನಪಟ್ಟಣದಲ್ಲಿಯೇ ಇರಲಿ. ಅದರ ಮೊದಲ ಪುಟಗಳಲ್ಲಿ ಮಾರಿ, ಯೊನೆಮುರಾ, ನವರತ್ನ ರಾಮರಾಯರ ಹೆಸರುಗಳ ಜೊತೆಗೆ, ಕ್ಷೇತ್ರದಲ್ಲಿ ಗಾಜಿನ ಪಟ್ಟಿ ನೋಡುತ್ತ ಕಣ್ಣು ಸವೆಸಿದ, ಹುಳುಮನೆ ಗುಡಿಸಿದ ಊರಿನವರ ಹೆಸರುಗಳನ್ನೂ ಅವರ ಮನೆಗಳವರನ್ನು ಕೇಳಿ ಬರೆಸಬೇಕು. ಮೊಮ್ಮಕ್ಕಳು ಇನ್ನೂ ಇದೇ ಬೀದಿಗಳಲ್ಲಿ ಇದ್ದಾರೆ, ಕೇಳಿದರೆ ಹೇಳುತ್ತಾರೆ.